ಹಿರಿಯರ ಮತ್ತು ಅಶಕ್ತರ ಪಾಲು: ಬೈತುಲ್‌ಮಾಲ್ ಹಾಗೂ ವಕ್ಫ್‌ನ ಇತಿಹಾಸದಿಂದ

ತಂದೆ-ತಾಯಿಯರಲ್ಲಿ ಒಬ್ಬರು ಅಥವಾ ಇಬ್ಬರೂ ಮುಪ್ಪಿಗೆ ತಲುಪಿದಾಗ ಅವರ ಮುಂದೆ ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂದು ಪವಿತ್ರ ಕುರ್‌ಆನ್‌ನ ಬನೀ ಇಸ್ರಾಈಲ್ ಅಧ್ಯಾಯ ಆಜ್ಞಾಪಿಸಿದೆ. ಈ ಆಜ್ಞೆಯನ್ನು ಕೇಳದ ಮುಸ್ಲಿಮ್ ಮನೆಯಿಲ್ಲ. ಆದರೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ತಂದೆಯನ್ನು ಎಂಟು ಹತ್ತು ವರ್ಷ ನೋಡಿಕೊಳ್ಳಬೇಕಾದ ಮನೆಯಲ್ಲಿ ಪ್ರೀತಿಯ ಜೊತೆಗೆ ಬೇರೆ ಪ್ರಶ್ನೆಗಳೂ ಏಳುತ್ತವೆ. ರಾತ್ರಿ ಎದ್ದು ಅವರ ಮಗ್ಗುಲು ಬದಲಿಸುವವರು ಯಾರು? ಔಷಧಿ, ಡಯಾಪರ್, ಗಾಲಿಕುರ್ಚಿಗೆ ತಿಂಗಳು ತಿಂಗಳು ಹಣ ಎಲ್ಲಿಂದ ಬರಬೇಕು? ಅವರ ಸೇವೆಗಾಗಿ ದುಡಿಮೆ ಬಿಟ್ಟವರ ಮನೆಖರ್ಚನ್ನು ಯಾರು ತುಂಬಬೇಕು? ಇಂದಿನ ಸರಕಾರಗಳು ‘ದೀರ್ಘಾವಧಿ ಆರೈಕೆ’ ಎಂದು ಕರೆಯುವುದು ಇದನ್ನೇ. ಜ್ವರ ಬಂದವನು ವಾರದಲ್ಲಿ ಎದ್ದು ಓಡಾಡುತ್ತಾನೆ. ಮುಪ್ಪಿನಿಂದ ಬಿದ್ದವರು, ಹುಟ್ಟಿನಿಂದಲೇ ಅಂಗವೈಕಲ್ಯವಿರುವವರು ಹಾಗೆ ಎದ್ದು ಓಡಾಡುವ ದಿನ ಬರುವುದಿಲ್ಲ. ಆದ್ದರಿಂದ ರಮಝಾನಿನಲ್ಲಿ ಒಮ್ಮೆ ಕೊಟ್ಟ ಸದಕಾ ಇಲ್ಲಿ ಎಷ್ಟು ದೊಡ್ಡದಾದರೂ ಸಾಲದು. ತಪ್ಪದೆ ಬರುವ ಆದಾಯದ ಮೂಲವೊಂದು ಬೇಕು. ನಮ್ಮ ಪೂರ್ವಿಕರು ಆ ಆದಾಯವನ್ನು ಎಲ್ಲಿಂದ ತಂದರು, ಅದು ಎಲ್ಲಿ ಸೋರಿಹೋಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹಾರೂನ್ ರಶೀದರ ಕಾಲದ ಮುಖ್ಯ ನ್ಯಾಯಾಧೀಶರಾಗಿದ್ದ ಇಮಾಮ್ ಅಬೂ ಯೂಸುಫ್(ರಹ್) ಹಿಜ್ರಿ 182ರಲ್ಲಿ ನಿಧನರಾದರು. ಅವರು ಖಲೀಫರ ಕೋರಿಕೆಯ ಮೇರೆಗೆ ಬರೆದ ‘ಕಿತಾಬುಲ್ ಖರಾಜ್’ ಮೂಲತಃ ತೆರಿಗೆ ಮತ್ತು ಖಜಾನೆಯ ಕುರಿತ ಗ್ರಂಥ. ಅದರಲ್ಲಿ ಬರುವ ಒಂದು ಪ್ರಸಂಗ ನಮ್ಮ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆಯಾದರೂ ಅದರ ಕೊನೆಯ ಭಾಗವನ್ನು ಬಿಟ್ಟು ಹೇಳುವುದೇ ಹೆಚ್ಚು. ದ್ವಿತೀಯ ಖಲೀಫಾ ಹಝ್ರತ್ ಉಮರ್(ರ) ಒಂದು ಮನೆಬಾಗಿಲಲ್ಲಿ ಬೇಡುತ್ತಿದ್ದ ಕುರುಡ ವೃದ್ಧನನ್ನು ಕಂಡರು. ವಿಚಾರಿಸಿದಾಗ ಆತ ಯಹೂದಿ ಎಂದು ತಿಳಿಯಿತು. ಜಿಝ್ಯಾ, ಬಡತನ ಮತ್ತು ವಯಸ್ಸು ತನ್ನನ್ನು ಈ ಸ್ಥಿತಿಗೆ ತಂದವೆಂದು ಆತ ಹೇಳಿದ. ಖಲೀಫರು ಆತನ ಕೈ ಹಿಡಿದು ತಮ್ಮ ಮನೆಗೆ ಕರೆದೊಯ್ದು, ಇದ್ದುದರಲ್ಲಿ ಏನನ್ನೋ ಕೊಟ್ಟರು. ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಬೈತುಲ್‌ಮಾಲ್‌ನ ಖಜಾಂಚಿಯನ್ನು ಕರೆಸಿ, ಈತನನ್ನೂ ಈತನಂಥವರನ್ನೂ ಗಮನಿಸಬೇಕು, ಯೌವನದಲ್ಲಿ ಇವರಿಂದ ವಸೂಲಿ ಮಾಡಿ ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲ ಎಂಬ ಅರ್ಥದ ಆದೇಶ ನೀಡಿದರು. ಆತನಂಥವರೆಲ್ಲರ ಮೇಲಿನ ಜಿಝ್ಯಾ ರದ್ದಾಯಿತು. ಝಕಾತ್‌ನ ಹಕ್ಕುದಾರರ ಬಗ್ಗೆ ಹೇಳುವ ಆಯತ್‌ನಲ್ಲಿರುವ ‘ಮಿಸ್ಕೀನ್’ ಎಂಬ ಪದದೊಳಗೆ ಗ್ರಂಥದವರಲ್ಲಿನ ಬಡವರೂ ಬರುತ್ತಾರೆಂದು ಅವರು ಅರ್ಥೈಸಿದರು. ಮುಂದಿನ ಕಾಲದ ಫಿಕ್ಹ್ ವಿದ್ವಾಂಸರಲ್ಲಿ ಹೆಚ್ಚಿನವರು ಫರ್ಝ್ ಝಕಾತ್‌ನ ವಿಷಯದಲ್ಲಿ ಈ ಅರ್ಥವನ್ನು ಸ್ವೀಕರಿಸಲಿಲ್ಲ. ಆದರೆ ನಾವಿಲ್ಲಿ ಗಮನಿಸಬೇಕಾದದ್ದು ಬೇರೆ. ಮನೆಯಿಂದ ಕೊಟ್ಟದ್ದು ಉಮರ್(ರ)ರ ದಾನ; ಖಜಾಂಚಿಗೆ ಕೊಟ್ಟ ಆದೇಶ ಒಂದು ನೀತಿ. ದಾನದಿಂದ ಒಬ್ಬನ ಒಂದು ದಿನ ಕಳೆಯಿತು. ನೀತಿಯಿಂದ ಅಂಥವರೆಲ್ಲರ ಮುಂದಿನ ದಿನಗಳಿಗೆ ದಾರಿಯಾಯಿತು.

ಅದೇ ಗ್ರಂಥದಲ್ಲಿ ಇದಕ್ಕೂ ಮುಂಚಿನ ಇನ್ನೊಂದು ದಾಖಲೆಯಿದೆ. ಹಿಜ್ರಿ 12ರಲ್ಲಿ, ಪ್ರಥಮ ಖಲೀಫಾ ಹಝ್ರತ್ ಅಬೂಬಕರ್(ರ)ರ ಕಾಲದಲ್ಲಿ, ಖಾಲಿದ್ ಬಿನ್ ವಲೀದ್(ರ) ಇರಾಕಿನ ಹೀರಾ ಪಟ್ಟಣದ ಕ್ರೈಸ್ತರೊಂದಿಗೆ ಮಾಡಿಕೊಂಡ ಒಪ್ಪಂದ ಅದು. ದುಡಿಯಲಾರದಷ್ಟು ಮುಪ್ಪಾದವನು, ಅಂಗಹೀನತೆಗೆ ಒಳಗಾದವನು, ಸಿರಿವಂತಿಕೆಯಿಂದ ಬಡತನಕ್ಕೆ ಜಾರಿದವನು ಇನ್ನು ಜಿಝ್ಯಾ ಕೊಡಬೇಕಿಲ್ಲ. ಆತನ ಮತ್ತು ಆತನ ಆಶ್ರಿತರ ಪೋಷಣೆ ಬೈತುಲ್‌ಮಾಲ್‌ನ ಹೊಣೆ ಎಂದು ಅದರಲ್ಲಿದೆ. ಸೇನಾನಾಯಕನೊಬ್ಬ ಯುದ್ಧಭೂಮಿಯಲ್ಲಿ ನಿಂತು ಬರೆಸಿದ ಪತ್ರದಲ್ಲಿ ಮುದುಕರ ಹೊಟ್ಟೆಪಾಡಿಗೊಂದು ಷರತ್ತು ಇತ್ತೆಂಬುದು ಪ್ರತಿ ಬಾರಿ ಪಾಠ ಹೇಳುವಾಗಲೂ ನನ್ನನ್ನು ತಡೆದು ನಿಲ್ಲಿಸುತ್ತದೆ.

ಈ ಚಿಂತನೆ ಉಮವೀ ಆಡಳಿತದಲ್ಲಿ ದಫ್ತರದ ಕೆಲಸವಾಗಿ ಬೆಳೆಯಿತು. ಕ್ರಿ.ಶ. 705ರಿಂದ 715ರವರೆಗೆ ಆಳಿದ ವಲೀದ್ ಬಿನ್ ಅಬ್ದುಲ್ ಮಲಿಕ್ ಕುಷ್ಠರೋಗಿಗಳಿಗೆ ಭತ್ಯೆ ಗೊತ್ತುಮಾಡಿ ಅವರು ಬೇಡುವುದನ್ನು ನಿಲ್ಲಿಸಿದರು, ನಡೆಯಲಾರದವರಿಗೆ ಸೇವಕರನ್ನೂ ಕುರುಡರಿಗೆ ದಾರಿ ತೋರುವವರನ್ನೂ ನೇಮಿಸಿದರು ಎಂದು ಇತಿಹಾಸಕಾರ ತಬರೀ ದಾಖಲಿಸಿದ್ದಾರೆ. ಈ ವಲೀದರ ಆಡಳಿತದಲ್ಲೇ ಹಜ್ಜಾಜ್‌ನ ಕ್ರೌರ್ಯವೂ ನಡೆದಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಇತಿಹಾಸದಲ್ಲಿ ಒಳಿತು ಯಾವಾಗಲೂ ಒಳ್ಳೆಯವರ ಕೈಯಿಂದಲೇ ಬರುವುದಿಲ್ಲ.

ಅವರ ಬಳಿಕ 717ರಲ್ಲಿ ಅಧಿಕಾರಕ್ಕೆ ಬಂದ ಉಮರ್ ಬಿನ್ ಅಬ್ದುಲ್ ಅಝೀಝ್(ರಹ್) ಶಾಮ್‌ನ ನಗರಗಳಿಗೆ ಪತ್ರ ಬರೆದು, ತಮ್ಮಲ್ಲಿರುವ ಕುರುಡರು, ಪಾರ್ಶ್ವವಾಯು ಪೀಡಿತರು, ನಮಾಝಿಗೆ ಎದ್ದು ನಿಲ್ಲಲಾಗದಂತಹ ದೀರ್ಘರೋಗಿಗಳು ಇವರ ಹೆಸರುಗಳನ್ನು ಕಳುಹಿಸಬೇಕೆಂದು ಕೇಳಿದರು. ಪಟ್ಟಿ ಬಂದ ಮೇಲೆ, ಪ್ರತಿಯೊಬ್ಬ ಕುರುಡನಿಗೆ ಕೈಹಿಡಿದು ನಡೆಸುವ ಒಬ್ಬ ವ್ಯಕ್ತಿ, ಇಬ್ಬರು ದೀರ್ಘರೋಗಿಗಳಿಗೆ ಒಬ್ಬ ಸೇವಕ ಎಂದು ಗೊತ್ತುಪಡಿಸಿದರು. ‘ಇಬ್ಬರಿಗೆ ಒಬ್ಬ’ ಎಂಬ ಲೆಕ್ಕವನ್ನು ಗಮನಿಸಿ. ಮೊದಲು ಎಣಿಕೆ, ಆಮೇಲೆ ಅಗತ್ಯದ ಅಳತೆ, ನಂತರ ಖಜಾನೆಯ ಶಕ್ತಿಗೆ ತಕ್ಕ ಅನುಪಾತ. ಇಂದು ಯಾವುದೇ ದೇಶದ ಆರೈಕೆ ಯೋಜನೆಯನ್ನು ತೆರೆದು ನೋಡಿದರೂ ಈ ಮೂರು ಹೆಜ್ಜೆಗಳೇ ಇರುತ್ತವೆ.

ಆದರೆ ಬೈತುಲ್‌ಮಾಲ್‌ಗೆ ಒಂದು ದೌರ್ಬಲ್ಯವಿತ್ತು. ಅದರ ಕೀಲಿಕೈ ಆಳುವವನ ಬಳಿಯಿತ್ತು. ಉಮರ್ ಬಿನ್ ಅಬ್ದುಲ್ ಅಝೀಝ್(ರಹ್) ಎರಡೂವರೆ ವರ್ಷದೊಳಗೆ, 720ರಲ್ಲಿ ತೀರಿಕೊಂಡರು. ಅವರ ಸುಧಾರಣೆಗಳಲ್ಲಿ ಹಲವು ಅವರೊಂದಿಗೇ ಮುಗಿದವು. ಹಾಸಿಗೆ ಹಿಡಿದವನ ಊಟ ಖಲೀಫನ ಆಯುಷ್ಯವನ್ನು ನೆಚ್ಚಿಕೊಂಡಿರಬಾರದು ಎಂದಾದರೆ ಹಣದ ಮೂಲವನ್ನು ಅರಮನೆಯಿಂದ ಹೊರಗೆ ತರಬೇಕು. ಆ ಮಾರ್ಗ ಪ್ರವಾದಿವರ್ಯರ(ಸ) ಕಾಲದಲ್ಲೇ ತೆರೆದಿತ್ತು. ಖೈಬರ್‌ನಲ್ಲಿ ತಮಗೆ ದೊರೆತ ಫಲವತ್ತಾದ ಭೂಮಿಯ ಬಗ್ಗೆ ಹಝ್ರತ್ ಉಮರ್(ರ) ಸಲಹೆ ಕೇಳಿದಾಗ, ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ಭೂಮಿಯನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ಅದು ವಾರಸುದಾರರಿಗೂ ಹೋಗುವಂತಿಲ್ಲ. ಉತ್ಪನ್ನ ಬಡವರಿಗೆ, ಬಂಧುಗಳಿಗೆ, ದಾರಿಹೋಕರಿಗೆ, ಅತಿಥಿಗಳಿಗೆ. ಉಸ್ತುವಾರಿ ನೋಡುವವರು ಮಿತವಾಗಿ ಉಣ್ಣಬಹುದು, ಆಸ್ತಿ ಕೂಡಿಸಿಕೊಳ್ಳುವಂತಿಲ್ಲ. ಉಮರ್(ರ)ರ ನಂತರ ಆ ಉಸ್ತುವಾರಿಯನ್ನು ಮಗಳಾದ ವಿಶ್ವಾಸಿಗಳ ಮಾತೆ ಹಫ್ಸಾ(ರ)ರಿಗೆ ವಹಿಸಲಾಯಿತು. ಇಂದು ಎಷ್ಟು ವಕ್ಫ್ ಸಮಿತಿಗಳಲ್ಲಿ ಒಬ್ಬ ಮಹಿಳೆಯಾದರೂ ಇದ್ದಾರೆ ಎಂದು ಓದುಗರೇ ಎಣಿಸಿಕೊಳ್ಳಲಿ.

ಈ ವ್ಯವಸ್ಥೆ ಮುಂದೆ ಬೃಹತ್ತಾಗಿ ಬೆಳೆದ ಬಗೆಯನ್ನು ದಮಾಸ್ಕಸ್ ಮತ್ತು ಕೈರೋ ನಗರಗಳಲ್ಲಿ ಕಾಣಬಹುದು. ಸುಲ್ತಾನ್ ನೂರುದ್ದೀನ್ ಝಂಗಿ 1154ರ ಸುಮಾರಿಗೆ ದಮಾಸ್ಕಸ್‌ನಲ್ಲಿ ಕಟ್ಟಿಸಿದ ಬೀಮಾರಿಸ್ತಾನ್, ಅಂದರೆ ಆಸ್ಪತ್ರೆಯನ್ನು ಆಂದಲೂಸಿಯದ ಪ್ರವಾಸಿ ಇಬ್ನು ಜುಬೈರ್ 1184ರಲ್ಲಿ ನೋಡಿದರು. ದಿನಕ್ಕೆ ಸುಮಾರು 15 ದೀನಾರ್ ಖರ್ಚು, ರೋಗಿಗಳ ಹೆಸರು ಮತ್ತು ಅವರ ಔಷಧಿ, ಆಹಾರಗಳ ವೆಚ್ಚವನ್ನು ಬರೆದಿಡುವ ಗುಮಾಸ್ತರು, ಬೆಳಿಗ್ಗೆ ಬಂದು ಪರೀಕ್ಷಿಸುವ ವೈದ್ಯರು ಇವನ್ನೆಲ್ಲ ಅವರು ಬರೆದಿದ್ದಾರೆ. ಬುದ್ಧಿಭ್ರಮಣೆಯಾದವರನ್ನು ಸರಪಳಿಯಲ್ಲಿ ಕಟ್ಟಿಡುತ್ತಿದ್ದುದನ್ನೂ ಅವರು ಬರೆದಿದ್ದಾರೆ. ಸುವರ್ಣಯುಗದ ವರ್ಣನೆಯಲ್ಲಿ ಇಂಥ ಸಾಲುಗಳನ್ನು ಅಳಿಸುವುದು ನಮಗೆ ಶೋಭೆಯಲ್ಲ.

ಕೈರೋದ ಮನ್ಸೂರೀ ಬೀಮಾರಿಸ್ತಾನ್ ಇನ್ನೂ ದೊಡ್ಡದು. ಮಮ್ಲೂಕ್ ಸುಲ್ತಾನ್ ಮನ್ಸೂರ್ ಕಲಾವೂನ್ ಅದನ್ನು ಫಾತಿಮೀ ಕಾಲದ ಒಂದು ಅರಮನೆಯ ಜಾಗದಲ್ಲಿ ಒಂದು ವರ್ಷದೊಳಗೆ ಕಟ್ಟಿ ಮುಗಿಸಿದರು. ಅದು 1284ರಲ್ಲಿ ಆರಂಭವಾಯಿತು. ಅಂಗಡಿಗಳು, ಸ್ನಾನಗೃಹಗಳು, ಮಳಿಗೆಗಳು, ಜಮೀನುಗಳು ಹೀಗೆ ಆದಾಯ ತರುವ ಆಸ್ತಿಗಳನ್ನು ಅದಕ್ಕೆ ವಕ್ಫ್ ಮಾಡಲಾಯಿತು. ವಾರ್ಷಿಕ ಉತ್ಪನ್ನ ಸುಮಾರು 10 ಲಕ್ಷ ದಿರ್ಹಮ್ ಎಂದು ಮಕ್ರೀಝಿ ಬರೆಯುತ್ತಾರೆ. ವಕ್ಫ್ ಪತ್ರದ ಷರತ್ತುಗಳು ಇಂದಿನ ಓದುಗನಿಗೂ ಬೆರಗು ಹುಟ್ಟಿಸುತ್ತವೆ. ಗಂಡು-ಹೆಣ್ಣು, ಬಡವ-ಬಲ್ಲಿದ, ಊರವ-ಪರಊರವ ಎಂಬ ಭೇದವಿಲ್ಲ. ವಾಸಕ್ಕೆ ಅವಧಿಯ ಮಿತಿಯಿಲ್ಲ. ರೋಗಿಯ ಆಹಾರವನ್ನು ಮುಚ್ಚಿಟ್ಟ ಪಾತ್ರೆಯಲ್ಲಿ ಪ್ರತ್ಯೇಕವಾಗಿ ಕೊಡಬೇಕು. ಬೇಸಗೆಯಲ್ಲಿ ಬೀಸಿಕೊಳ್ಳಲು ತಾಳೆಗರಿಯ ಬೀಸಣಿಗೆ ಒದಗಿಸಬೇಕು. ಆಸ್ಪತ್ರೆಗೆ ಬರಲಾಗದೆ ಮನೆಯಲ್ಲಿ ಮಲಗಿರುವ ಬಡರೋಗಿಗೆ ಔಷಧಿ, ಆಹಾರಗಳನ್ನು ಅಲ್ಲಿಗೇ ತಲುಪಿಸಬೇಕು. ಸತ್ತವರ ಕಫನ್, ದಫನ್ ಖರ್ಚೂ ವಕ್ಫ್‌ನದೇ. ಇವುಗಳಲ್ಲಿ ಮನೆಗೆ ತಲುಪಿಸುವ ಷರತ್ತು ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರದ್ದು, ಏಕೆಂದರೆ ಮುಪ್ಪಾದವರು ತಮ್ಮ ಮನೆಯ ಮೂಲೆಯಲ್ಲೇ ಇರಬಯಸುತ್ತಾರೆ. ಈ ಕಟ್ಟಡಕ್ಕಾಗಿ ದುಡಿದವರಲ್ಲಿ ಹಲವರನ್ನು ಬಲವಂತವಾಗಿ ಹಿಡಿದು ತರಲಾಗಿತ್ತು, ಆ ಕಾರಣಕ್ಕೆ ಕೆಲವು ಉಲಮಾಗಳು ಅಲ್ಲಿ ನಮಾಝ್ ಮಾಡಲು ಹಿಂಜರಿದರು ಎಂಬುದೂ ಮಕ್ರೀಝಿಯವರ ಬರಹದಲ್ಲೇ ಇದೆ. ಅಶಕ್ತರಿಗಾಗಿ ಕಟ್ಟುವಾಗಲೂ ಕಟ್ಟುವವನ ಕೂಲಿ ತಪ್ಪಿಸುವಂತಿಲ್ಲ ಎಂದು ಆ ವಿದ್ವಾಂಸರು ಎಷ್ಟು ನೇರವಾಗಿ ಯೋಚಿಸಿದರು!

ಅದೇ ಕಾಲದ ಕೈರೋದಲ್ಲಿ ಸುಲ್ತಾನ್ ಬೈಬರ್ಸ್‌ರ ಮಗಳು ಸ್ಥಾಪಿಸಿದ ರಿಬಾತುಲ್ ಬಗ್ದಾದಿಯ್ಯಾ ಎಂಬ ಆಶ್ರಯಗೃಹವಿತ್ತು. ಶೇಖಾ ಝೈನಬ್ ಬಗ್ದಾದಿಯ್ಯಾ ಎಂಬ ಧರ್ಮನಿಷ್ಠ ಮಹಿಳೆಗಾಗಿ ಕಟ್ಟಿದ ಆ ಮನೆಯಲ್ಲಿ ತಲಾಖ್ ಆದವರು, ಗಂಡ ಬಿಟ್ಟುಹೋದವರು ನೆಲೆ ಪಡೆಯುತ್ತಿದ್ದರು.

ಇಷ್ಟೆಲ್ಲ ಇದ್ದರೂ ಷರೀಅತ್ ಮೊದಲ ಹೊಣೆಯನ್ನು ಹೊರಿಸಿದ್ದು ಮಕ್ಕಳ ಮೇಲೆ. ಬಡ ತಂದೆ-ತಾಯಿಯ ನಫಕಾ, ಅಂದರೆ ಜೀವನಾಂಶ, ಅನುಕೂಲವಿರುವ ಮಕ್ಕಳ ಮೇಲೆ ಕಡ್ಡಾಯ; ಕೊಡದಿದ್ದರೆ ಕಾಝಿ ಅದನ್ನು ವಸೂಲಿ ಮಾಡಿಸಬಹುದು. ಈ ಕಾರಣದಿಂದಲೇ ಸ್ವಂತ ತಂದೆ-ತಾಯಿಗೆ ಝಕಾತ್ ಕೊಡುವಂತಿಲ್ಲ: ಸಾಲವನ್ನು ದಾನದ ಲೆಕ್ಕದಲ್ಲಿ ತೀರಿಸಲಾಗದು. ಮುಪ್ಪಿನಿಂದಲೋ ರೋಗದಿಂದಲೋ ಸೇವಕರ ಅಗತ್ಯವಿದ್ದರೆ ಆ ವೆಚ್ಚವೂ ನಫಕಾದಲ್ಲಿ ಸೇರುತ್ತದೆಂದು ಫಿಕ್ಹ್ ಗ್ರಂಥಗಳು ಹೇಳುತ್ತವೆ. ಅತ್ತೆ-ಮಾವಂದಿರ ಸೇವೆ ಸೊಸೆಯ ಮೇಲೆ ಕಾನೂನಿನ ಕಡ್ಡಾಯವೆಂದು ಅವೇ ಗ್ರಂಥಗಳು ಹೇಳುವುದಿಲ್ಲ. ಆಕೆ ಮಾಡಿದರೆ ಅದು ಆಕೆಯ ಸೌಜನ್ಯ, ಅಲ್ಲಾಹನ ಬಳಿ ಅದಕ್ಕೆ ಪ್ರತಿಫಲವಿದೆ. ಹೊಣೆ ಮಾತ್ರ ಮಗನದು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಗಲ್ಫ್‌ನಲ್ಲಿರುವ ಮಗ ತಿಂಗಳಿಗೊಮ್ಮೆ ಹಣ ಕಳುಹಿಸಿ, ವಾರಕ್ಕೊಮ್ಮೆ ವಿಡಿಯೋ ಕರೆ ಮಾಡಿ ‘ಉಮ್ಮನನ್ನು ಚೆನ್ನಾಗಿ ನೋಡಿಕೋ’ ಎನ್ನುತ್ತಾನೆ. ರಾತ್ರಿ ಮೂರು ಸಲ ಏಳುವವಳು ಆಕೆ. ಆತ ಪಡೆಯುವ ಪ್ರಶಂಸೆಯಲ್ಲಿ ಆಕೆಯ ಹೆಸರಿರುವುದಿಲ್ಲ.

ವಕ್ಫ್ ವ್ಯವಸ್ಥೆ ಏಕೆ ಕುಸಿಯಿತು? ಪರಕೀಯರ ಆಳ್ವಿಕೆಯನ್ನು ಮಾತ್ರ ದೂರಿದರೆ ಅರ್ಧ ಸತ್ಯವಾದೀತು. ಹದಿನೈದನೇ ಶತಮಾನದ ಆರಂಭದ ಕೈರೋದಲ್ಲೇ, ಪರಕೀಯರು ಇಲ್ಲದಿದ್ದಾಗಲೇ, ಸೋರಿಕೆ ಆರಂಭವಾಗಿತ್ತು. ಹಾಳುಬಿದ್ದ ವಕ್ಫ್ ಆಸ್ತಿಗೆ ಬದಲಾಗಿ ಹೆಚ್ಚು ಉಪಯುಕ್ತ ಆಸ್ತಿ ಪಡೆಯಲು ‘ಇಸ್ತಿಬ್ದಾಲ್’ ಎಂಬ ಅವಕಾಶವಿದೆ. ಜಮಾಲುದ್ದೀನ್ ಯೂಸುಫ್ ಎಂಬ ಪ್ರಭಾವಿ ಅಧಿಕಾರಿ ತನಗೆ ಬೇಕಾದ ಕಟ್ಟಡ ಕಂಡಾಗಲೆಲ್ಲ, ಅದು ಶಿಥಿಲವಾಗಿದೆ, ದಾರಿಹೋಕರಿಗೆ ಅಪಾಯ ಎಂದು ಹೇಳುವ ಸಾಕ್ಷಿಗಳನ್ನು ಒದಗಿಸುತ್ತಿದ್ದ. ಕಾಝಿ ಬದಲಾವಣೆಗೆ ಮುದ್ರೆ ಒತ್ತುತ್ತಿದ್ದ. ಮಕ್ರೀಝಿ ಇದನ್ನು ನೋವಿನಿಂದ ಬರೆದಿಟ್ಟಿದ್ದಾರೆ. ಇನ್ನು ಕೆಲವೆಡೆ ದೀರ್ಘಾವಧಿಯ ಗುತ್ತಿಗೆಗಳು ಬಾಡಿಗೆಯನ್ನು ಹಳೆಯ ದರದಲ್ಲೇ ಕಟ್ಟಿಹಾಕಿದವು. ಬೆಲೆಗಳು ಏರಿದವು, ವಕ್ಫ್‌ನ ಆದಾಯ ಏರಲಿಲ್ಲ. ಆಸ್ತಿ ಇದ್ದಲ್ಲೇ ಇತ್ತು, ಅದರಿಂದ ಬೇಯುತ್ತಿದ್ದ ಗಂಜಿ ಮಾತ್ರ ತೆಳುವಾಗುತ್ತ ಹೋಯಿತು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ, 1877-78ರ ರಷ್ಯಾ ಯುದ್ಧದ ನಿರಾಶ್ರಿತರು ಇಸ್ತಾಂಬುಲ್ ಬೀದಿಗಳನ್ನು ತುಂಬಿದಾಗ ಹಳೆಯ ವಕ್ಫ್‌ಗಳಿಗೆ ಆ ಭಾರ ಹೊರಲಾಗಲಿಲ್ಲ. ಸುಲ್ತಾನ್ ಅಬ್ದುಲ್ ಹಮೀದರ ಕಾಲದಲ್ಲಿ, 1896ರಲ್ಲಿ, ‘ದಾರುಲ್ ಅಜಝಾ’ ಎಂಬ ಅಶಕ್ತರ ನಿಲಯ ಅಲ್ಲಿ ತೆರೆಯಿತು. ಒಂದೇ ಆವರಣದಲ್ಲಿ ಮಸೀದಿ, ಚರ್ಚ್, ಯಹೂದಿ ಪ್ರಾರ್ಥನಾಲಯ ಮೂರೂ ಇರುವ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಆದಾಯದ ಮೂಲವನ್ನು ಭದ್ರಗೊಳಿಸುವ ಇದೇ ಪ್ರಶ್ನೆಗೆ ಇಪ್ಪತ್ತನೇ ಶತಮಾನದ ಕೊನೆಗೆ ಬೇರೆ ಸಮಾಜಗಳು ವಿಮೆಯ ಉತ್ತರ ಕಂಡುಕೊಂಡವು. ಜರ್ಮನಿ 1995ರಲ್ಲಿ ಆರೈಕೆ ವಿಮೆಯನ್ನು ಕಡ್ಡಾಯಗೊಳಿಸಿತು. ಆರಂಭದಲ್ಲಿ ವೇತನದ ಶೇ. 1ರಷ್ಟಿದ್ದ ವಂತಿಗೆ ಈಗ ಶೇ. 3ನ್ನು ದಾಟಿದೆ. ಮಾಲೀಕರ ಹೊರೆಯನ್ನು ಸರಿದೂಗಿಸಲು ಪ್ರಾಟೆಸ್ಟಂಟ್ ಕ್ರೈಸ್ತರ ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನದ ಸಾರ್ವಜನಿಕ ರಜೆಯನ್ನು ಒಂದು ರಾಜ್ಯವನ್ನು ಬಿಟ್ಟು ಉಳಿದೆಡೆ ಕೈಬಿಡಲಾಯಿತು. ಅಲ್ಲಿ ಮನೆಯವರೇ ಆರೈಕೆ ಮಾಡಿದರೆ ನಗದು ಭತ್ಯೆ ಸಿಗುತ್ತದೆ. 2000ದಲ್ಲಿ ಆರಂಭವಾದ ಜಪಾನಿನ ಯೋಜನೆಯಲ್ಲಿ 40 ದಾಟಿದವರೆಲ್ಲ ವಂತಿಗೆ ಕಟ್ಟುತ್ತಾರೆ. ಸುಮಾರು ಅರ್ಧ ಹಣ ತೆರಿಗೆಯಿಂದ ಬರುತ್ತದೆ. ಜಪಾನ್ ಮಾತ್ರ ಮನೆಯವರಿಗೆ ನಗದು ಕೊಡದೆ ಸೇವೆಯನ್ನೇ ಒದಗಿಸಲು ನಿರ್ಧರಿಸಿತು. ಹಣ ಕೊಟ್ಟರೆ ಸೊಸೆಯಂದಿರು ಮತ್ತೆ ಹಾಸಿಗೆಯ ಪಕ್ಕಕ್ಕೇ ಕಟ್ಟಿಹಾಕಲ್ಪಡುತ್ತಾರೆಂದು ಅಲ್ಲಿನ ಮಹಿಳಾ ಸಂಘಟನೆಗಳು ವಾದಿಸಿದ್ದವು. ಎರಡರಲ್ಲಿ ಯಾವುದು ಸರಿ ಎಂದು ನಾನು ತೀರ್ಪು ಕೊಡಲಾರೆ, ಆದರೆ ಸೊಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಚರ್ಚಿಸಿದ್ದು ದೊಡ್ಡ ಮಾತು.

ನಮ್ಮ ದೇಶದಲ್ಲಿ ಇಂಥ ವಿಮೆಯಿಲ್ಲ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಕಡೆಗಣಿಸಲ್ಪಟ್ಟ ಹಿರಿಯರು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶ ಪಡೆಯಬಹುದು. ನಫಕಾದ ಕಲ್ಪನೆಗೆ ಇದು ಹತ್ತಿರವಾದದ್ದೇ. ಆದರೆ ಮಕ್ಕಳ ಬಳಿಯೇ ಇಲ್ಲದಿದ್ದರೆ? ಬಡತನ ರೇಖೆಯ ಕೆಳಗಿನವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವಯಸ್ಸಿನವರಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ. ರಾಜ್ಯದ ಹಣ ಸೇರಿದರೂ ಅದು ಔಷಧಿಗೇ ಸಾಲದು. ಇತ್ತ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳು, ಸುಮಾರು 6 ಲಕ್ಷ ಎಕರೆ ಜಮೀನು ಇದ್ದವು. ವಾರ್ಷಿಕ ಆದಾಯ ಕೇವಲ 163 ಕೋಟಿ ರೂಪಾಯಿ. ಸರಿಯಾಗಿ ಬಳಸಿ ಶೇ. 10ರ ಪ್ರತಿಫಲ ಬಂದಿದ್ದರೂ 12,000 ಕೋಟಿ ಆಗಬಹುದಿತ್ತೆಂದು ಸಮಿತಿ ಅಂದಾಜಿಸಿತ್ತು. ಮಕ್ರೀಝಿ ಈ ವರದಿಯನ್ನು ಓದಿದ್ದರೆ ತಮ್ಮ ಊರಿನ ಕಥೆಯೆಂದೇ ತಿಳಿಯುತ್ತಿದ್ದರು.

ದೂರ ಹೋಗದೆ ಪಕ್ಕದ ಮಲಪ್ಪುರಮ್ ಜಿಲ್ಲೆಯನ್ನು ನೋಡಬಹುದು. ಕಲ್ಲಿಕೋಟೆಯಲ್ಲಿ 1993ರಲ್ಲಿ ಮೊದಲಾದ ಉಪಶಾಮಕ ಆರೈಕೆಯ ಕೆಲಸ ಈ ಶತಮಾನದ ಆರಂಭದಲ್ಲಿ ಮಲಪ್ಪುರಮ್‌ನ ಊರೂರುಗಳಿಗೆ ಹರಡಿತು. ತರಬೇತಿ ಪಡೆದ ಸ್ವಯಂಸೇವಕರು ಮತ್ತು ದಾದಿಯರು ಮನೆಮನೆಗೆ ಹೋಗಿ ಕ್ಯಾನ್ಸರ್ ರೋಗಿಗಳ ಜೊತೆಗೆ ಬೆನ್ನುಮೂಳೆ ಮುರಿದವರನ್ನೂ ಹಾಸಿಗೆ ಹಿಡಿದ ಹಿರಿಯರನ್ನೂ ನೋಡಿಕೊಳ್ಳುತ್ತಾರೆ. ಊರಿನವರ ಸಣ್ಣ ಸಣ್ಣ ದೇಣಿಗೆಗಳೇ ಅದರ ಮುಖ್ಯ ಆಧಾರ. 2008ರಲ್ಲಿ ಕೇರಳ ಸರಕಾರ ಇದನ್ನು ನೀತಿಯಾಗಿ ಅಂಗೀಕರಿಸಿ, ಗ್ರಾಮ ಪಂಚಾಯತ್‌ಗಳನ್ನು ಮನೆ ಭೇಟಿಯ ಕೆಲಸದಲ್ಲಿ ಜೋಡಿಸಿತು.

ಇಂಥದ್ದನ್ನು ನಮ್ಮ ಜಮಾಅತ್‌ಗಳಲ್ಲಿ ಆರಂಭಿಸಲು ಬಯಸುವವರಿಗೆ ಒಂದು ಮಸ್‌ಅಲಾ ತಿಳಿದಿರಬೇಕು. ಹನಫೀ ಫಿಕ್ಹ್ ಪ್ರಕಾರ ಝಕಾತ್‌ನ ಹಣ ಬಡವನ ಒಡೆತನಕ್ಕೆ ಸೇರಲೇಬೇಕು. ಅದರಿಂದ ಕಟ್ಟಡ ಕಟ್ಟುವುದಾಗಲಿ ದಾದಿಯರಿಗೆ ನೇರವಾಗಿ ಸಂಬಳ ಕೊಡುವುದಾಗಲಿ ಸಲ್ಲದು. ಆದರೆ ಹಾಸಿಗೆ ಹಿಡಿದ ಬಡವರ ಕೈಗೆ ಝಕಾತ್ ಕೊಟ್ಟು, ಅವರು ತಮ್ಮ ಸಹಾಯಕರಿಗೆ ಅದರಿಂದ ವೇತನ ಕೊಡಲು ಅಡ್ಡಿಯಿಲ್ಲ. ದಾದಿಯ ಸಂಬಳ, ವಾಹನ, ಗಾಲಿಕುರ್ಚಿಗಳಿಗೆ ಸದಕಾ ಮತ್ತು ವಕ್ಫ್‌ನ ಬಾಡಿಗೆ ಇವೆ. ಶಾಫಿಈ ಮಝ್‌ಹಬ್‌ನವರು ತಮ್ಮ ಉಸ್ತಾದರಲ್ಲಿ ವಿಚಾರಿಸಿಕೊಳ್ಳಬೇಕು.

ನಮ್ಮ ಮಸೀದಿಗಳ ಕಚೇರಿಯಲ್ಲಿ ನಿಕಾಹ್‌ನ ದಫ್ತರವಿದೆ, ವಂತಿಗೆಯ ದಫ್ತರವಿದೆ. ಉಮರ್ ಬಿನ್ ಅಬ್ದುಲ್ ಅಝೀಝ್(ರಹ್) ಶಾಮ್‌ನಿಂದ ತರಿಸಿಕೊಂಡಂಥ ಪಟ್ಟಿ ಎಷ್ಟು ಕಡೆ ಇದೆ? ನೂರೈವತ್ತು ಮನೆಗಳ ಮೊಹಲ್ಲಾದಲ್ಲಿ ಅದನ್ನು ಬರೆಯಲು ಇಬ್ಬರು ಯುವಕರಿಗೆ ಎರಡು ಆದಿತ್ಯವಾರ ಸಾಕು: ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಕಣ್ಣು ಕಾಣದು, ಯಾವ ಮಗುವಿಗೆ ನಡೆಯಲಾಗದು, ಅವರನ್ನು ನೋಡಿಕೊಳ್ಳುವವರು ಯಾರು, ಅವರ ವಯಸ್ಸೆಷ್ಟು. ಅದರ ಪಕ್ಕದಲ್ಲೇ ಮಸೀದಿಯ ಅಂಗಡಿಗಳ ಬಾಡಿಗೆ ಕರಾರುಗಳನ್ನೂ ತೆಗೆದಿಟ್ಟು, ಪ್ರತಿಯೊಂದರ ದರ ಯಾವ ವರ್ಷದ್ದೆಂದು ನೋಡಬೇಕು.